ಡಾಲ್‌ಹೌಸ್ ಮಿನಿಯೇಚರ್ ಶುರು ಮಾಡೋದಾದ್ರೆ ಮನೆ ಬೇಡ, ಒಂದು ಅಡುಗೆಮನೆ ಸಾಕು

ಕ್ರಾಫ್ಟ್ ಸ್ವಲ್ಪ ಬರುತ್ತೆ, ವಿಡಿಯೋ ನೋಡಿ ನೋಡಿ ಡಾಲ್‌ಹೌಸ್ ಮಿನಿಯೇಚರ್ (ನಿಜದ ಮನೆ, ಸಾಮಾನುಗಳನ್ನ ಪುಟಾಣಿಯಾಗಿ ಮಾಡೋದು) ಹುಚ್ಚು ಹತ್ತಿದೆ, ಎಲ್ಲಿಂದ ಶುರು ಮಾಡ್ಲಿ, ಕಿಟ್ ತಗೊಳ್ಳೋದಾ, ಎಷ್ಟು ಖರ್ಚಾಗುತ್ತೆ ಅಂತ ಕೇಳಿದೀರಿ. ನಾನೇನು ಎಕ್ಸ್‌ಪರ್ಟ್ ಅಲ್ಲ, ಆರು ವರ್ಷದಿಂದ ಮಾಡ್ತಿದೀನಿ ಅಷ್ಟೇ. ನಮ್ಮನೆ ಡೈನಿಂಗ್ ಟೇಬಲ್ಲಿನ ಒಂದು ಮೂಲೆ ಪರ್ಮನೆಂಟಾಗಿ ನಂದೇ ಆಗೋಗಿದೆ, ಅಲ್ಲಿ ತಟ್ಟೆ ಇಡೋದನ್ನ ಮನೆಯವ್ರು ಯಾವತ್ತೋ ಬಿಟ್ಟಿದಾರೆ.

ಮೊದಲ ಮಾತು, ದಯವಿಟ್ಟು ಮನೆ ಕಟ್ಟೋಕೆ ಹೋಗ್ಬೇಡಿ. ನಾನು ಹೋಗಿದ್ದೆ. ಎರಡು ಅಂತಸ್ತು, ಆರು ರೂಮು, ಎಂಡಿಎಫ್ ಶೀಟ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಟ್ ಮಾಡ್ಸಿ, ಮೆಟ್ಟಿಲು ಬೇರೆ. ಅದು ಇವತ್ತಿಗೂ ಅಟ್ಟದ ಮೇಲೆ ಹಳೇ ಬೆಡ್‌ಶೀಟ್ ಹೊದ್ಕೊಂಡು ಕೂತಿದೆ, ಒಂದೂವರೆ ರೂಮಷ್ಟೇ ಮುಗಿದಿರೋದು. ಆಮೇಲೆ ಬೇಜಾರಾಗಿ ಬರೀ ನಮ್ಮಜ್ಜಿ ಅಡುಗೆಮನೆ ಒಂದನ್ನೇ ಒಂದು ಡಬ್ಬದಲ್ಲಿ ಮಾಡ್ದೆ, ಐದು ಭಾನುವಾರಕ್ಕೆ ಮುಗೀತು, ಅಲ್ಲಿಂದಲೇ ನಿಜವಾಗಿ ಶುರುವಾಗಿದ್ದು. ಇದನ್ನ ರೂಮ್ ಬಾಕ್ಸ್ ಅಂತಾರೆ, ಮೂರು ಗೋಡೆ, ಮುಂದೆ ಓಪನ್, ನಾಟಕದ ಸ್ಟೇಜ್ ಥರ. ಇದೇನು ಕೈಲಾಗದವ್ರು ಮಾಡೋ ಕೆಲಸ ಅಂದ್ಕೋಬೇಡಿ, ಅಮೆರಿಕದ ಶಿಕಾಗೋದ ಆರ್ಟ್ ಇನ್ಸ್ಟಿಟ್ಯೂಟ್ ಮ್ಯೂಸಿಯಮ್ಮಲ್ಲಿ ಥಾರ್ನ್ ರೂಮ್ಸ್ ಅಂತ 68 ಪುಟಾಣಿ ಡಬ್ಬ ಇವೆ, ಎಲ್ಲವೂ ಒಂಟಿ ಕೋಣೆಗಳೇ, ಇಡೀ ಮನೆ ಒಂದೂ ಇಲ್ಲ. ಫೋಟೋ ಹುಡುಕಿ ನೋಡಿ, ಕಿಟಕಿ ಆಚೆ ಬಿಸಿಲು ಬೀಳೋ ರೀತಿ ನೋಡಿದ್ರೆ ತಲೆ ತಿರುಗುತ್ತೆ.

ಎರಡನೇದು ಸ್ಕೇಲು, ಅಂದ್ರೆ ನಿಜದ ವಸ್ತುವಿಗಿಂತ ಎಷ್ಟು ಪಾಲು ಚಿಕ್ಕದು ಅನ್ನೋ ಲೆಕ್ಕ. ಇದೊಂದು ಕೈಗೆ ಹತ್ತಿದ್ರೆ ಮಿಕ್ಕಿದ್ದೆಲ್ಲ ಹತ್ತುತ್ತೆ. ನಮ್ಮನೇಲಿ ದಸರಾ ಗೊಂಬೆ ಕೂರಿಸ್ತಿದ್ರು, ಚನ್ನಪಟ್ಟಣದ ಮರದ ಅಡುಗೆ ಸೆಟ್ಟು, ಪಕ್ಕದಲ್ಲಿ ಚೆಟ್ಟಿಯಾರ್ ದಂಪತಿ, ಅವ್ರಿಗಿಂತ ಬೀಸೋಕಲ್ಲೇ ದೊಡ್ಡದು. ಗೊಂಬೆ ಹಬ್ಬದಲ್ಲಿ ಅದು ಚಂದ, ಯಾರೂ ಕೇಳಲ್ಲ. ಆದ್ರೆ ಮಿನಿಯೇಚರಲ್ಲಿ ಒಂದೇ ಒಂದು ಸಾಮಾನು ಅಳತೆ ತಪ್ಪಿದ್ರೂ ಕಣ್ಣು ಸೀದಾ ಅಲ್ಲಿಗೇ ಹೋಗುತ್ತೆ, ಎಷ್ಟೇ ಚೆನ್ನಾಗಿ ಮಾಡಿದ್ರೂ ಆಟಿಕೆ ಅನ್ಸುತ್ತೆ. 1:12 ಇಟ್ಕೊಳ್ಳಿ, ಅಂದ್ರೆ ನಿಜದ ಒಂದು ಅಡಿ ಇಲ್ಲಿ ಒಂದು ಇಂಚು. ಇಂಗ್ಲೆಂಡಿನ ವಿಂಡ್ಸರ್ ಅರಮನೇಲಿರೋ ಕ್ವೀನ್ ಮೇರಿ ಡಾಲ್ಸ್ ಹೌಸೂ ಇದೇ ಸ್ಕೇಲು, 1924ರಲ್ಲಿ ಮುಗಿದಿದ್ದು, ನಲ್ಲೀಲಿ ನಿಜವಾಗಿ ನೀರು ಬರೋ ಹಾಗೆ ಕಟ್ಟಿದ್ದು, ಡಿಸೈನ್ ಮಾಡಿದ್ದು ನಮ್ಮ ನವದೆಹಲಿ ಪ್ಲಾನ್ ಮಾಡಿದ ಲುಟ್ಯೆನ್ಸೇ. ನಮಗಂತೂ ಇದು ಸಲೀಸು, ಯಾಕಂದ್ರೆ ಇವತ್ತಿಗೂ ನಾವು ಮನೆ ಬಗ್ಗೆ ಮಾತಾಡೋದೇ ಅಡಿ ಲೆಕ್ಕದಲ್ಲಿ. ಹತ್ತಡಿ ರೂಮು ಹತ್ತಿಂಚು, ಏಳಡಿ ಬಾಗಿಲು ಏಳಿಂಚು. ಸಣ್ಣ ಸಾಮಾನಿಗೆ ನಂದೊಂದು ಅಡ್ಡದಾರಿ, ನಿಜದ ಒಂದು ಇಂಚಿಗೆ ಸ್ಕೇಲ್ ಪಟ್ಟೀಲಿ ಎರಡು ಮಿಲಿಮೀಟರು. ಪಕ್ಕಾ ಲೆಕ್ಕ ಅಲ್ಲ, ಸ್ವಲ್ಪ ಜಾಸ್ತಿ ಬರ್ಬೇಕು, ಆದ್ರೆ ಕೈಯಲ್ಲಿ ಮಾಡೋವಾಗ ಆ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲ್ಲ.

ಸಾಮಾನು ಜಾಸ್ತಿ ಬೇಡ. ಗಟ್ಟಿ ಶೂ ಬಾಕ್ಸು ಇಲ್ಲಾ ಐದು ಎಂಎಂ ಫೋಮ್ ಬೋರ್ಡ್ (ನಡುವೆ ಫೋಮ್ ಇರೋ ಹಗುರ ರಟ್ಟು), ಬ್ಲೇಡ್ ಮುರ್ಕೊಂಡು ಬಳಸೋ ಕಟರ್, ಸ್ಟೀಲ್ ಸ್ಕೇಲು (ಪ್ಲಾಸ್ಟಿಕ್ ಬೇಡ, ಕಟರ್ ಅದನ್ನೇ ತಿನ್ಕೊಂಡು ಹೋಗುತ್ತೆ), ಕಟಿಂಗ್ ಮ್ಯಾಟು, ಫೆವಿಕಾಲ್, ಮರಳು ಕಾಗದ, ಹುಬ್ಬು ಕೀಳೋ ಚಿಮಟ, ನಾಲ್ಕೈದು ಅಕ್ರಿಲಿಕ್ ಬಣ್ಣ. ನಂಗೆ ಮೊದಲ ಡಬ್ಬಕ್ಕೆ ಎಲ್ಲಾ ಸೇರಿ 650 ರೂಪಾಯಿ ಒಳಗೇ ಆಯ್ತು, ಅದ್ರಲ್ಲಿ ಮ್ಯಾಟ್‌ದೇ ದೊಡ್ಡ ಪಾಲು. ಕಟ್ ಮಾಡೋವಾಗ ಒಂದೇ ಸಲಕ್ಕೆ ಅದುಮ್ಬೇಡಿ, ಹಗುರವಾಗಿ ಐದಾರು ಸಲ ಎಳೀರಿ, ನಂಗೆ ಹೆಬ್ಬೆರಳಿಗೆ ಎರಡು ಹೊಲಿಗೆ ಬಿದ್ಮೇಲೆ ಬಂದ ಬುದ್ಧಿ ಇದು.

ಅಜ್ಜಿ ಅಡುಗೆಮನೆ ನೆಲ ಕೆಂಪು ಗಾರೆ. ಅದು ಮೂರು ಸಲ ಕೆಟ್ಟು ನಾಲ್ಕನೇ ಸಲಕ್ಕೆ ಸರಿ ಬಂತು. ಬರೀ ಕೆಂಪು ಹೊಡೆದ್ರೆ ಪೋಸ್ಟ್ ಡಬ್ಬ ಥರ ಕಾಣುತ್ತೆ. ಕೊನೆಗೆ ಕೆಂಪಿಗೆ ಕಂದು, ಚಿಟಿಕೆ ಕಪ್ಪು ಸೇರ್ಸಿ ತೆಳ್ಳಗೆ ಮೂರು ಕೋಟು, ಒಂದೊಂದು ಕೋಟಿಗೂ ಮರಳು ಕಾಗದದಲ್ಲಿ ಉಜ್ಜಿ, ಒಲೆ ಮುಂದೆ ಮತ್ತು ಬಾಗಿಲ ಹತ್ರ ಮಾತ್ರ ಜಾಸ್ತಿ ಉಜ್ದೆ, ಯಾಕಂದ್ರೆ ಅಜ್ಜಿ ಕೂರ್ತಿದ್ದಿದ್ದು ಓಡಾಡ್ತಿದ್ದಿದ್ದು ಅಲ್ಲೇ, ಅಲ್ಲಿ ಬಣ್ಣ ಸವೆದು ಬೇರೆ ಥರ ಹೊಳೀತಿತ್ತು. ಆಮೇಲೆ ಒಂದೊಂದು ಕೂದಲೆಳೆ ಬಿರುಕು ಪೆನ್ಸಿಲಲ್ಲಿ ಗೀಚಿ ವಾರ್ನಿಶ್ ಹೊಡೆದಾಗ ನಮ್ಮಮ್ಮ ಬಂದು ನೋಡಿ ಏನೂ ಮಾತಾಡದೆ ಬೆರಳಲ್ಲಿ ಸವರಿದ್ರು. ಹೊಸದಾಗಿ ಕಾಣೋ ಹಾಗೆ ಮಾಡೋದು ಸುಲಭ ಕಣ್ರೀ, ಬಳಸಿದ ಹಾಗೆ ಕಾಣ್ಸೋದ್ರಲ್ಲೇ ಮಜಾ ಇರೋದು.

ಇನ್ನು ಸಾಮಾನು ಸರಂಜಾಮು. ಆನ್‌ಲೈನಲ್ಲಿ ಮಿನಿಯೇಚರ್ ಪಾತ್ರೆ ಅಂತ ಸಿಗೋದ್ರಲ್ಲಿ ಸುಮಾರು ನಮ್ಮ ಕೋಣೆಗೆ ಹೊಂದಲ್ಲ, ಒಂದು ತಪ್ಪಲೆ ತರ್ಸಿದ್ದೆ, ಕೋಣೇಲಿಟ್ರೆ ಮದುವೆ ಮನೆ ಕೊಪ್ಪರಿಗೆ ಥರ ಇತ್ತು. ಅದಕ್ಕೆ ಮನೇಲಿರೋ ವಸ್ತುನ ಹನ್ನೆರಡರಿಂದ ಗುಣಿಸಿ ನೋಡೋ ಅಭ್ಯಾಸ ಮಾಡ್ಕೊಳ್ಳಿ. ಐಸ್‌ಕ್ಯಾಂಡಿ ಕಡ್ಡಿ ಒಂದು ಸೆಂಟಿಮೀಟರ್ ಅಗಲ, ಗುಣಿಸಿದ್ರೆ ಹನ್ನೆರಡು ಸೆಂಟಿಮೀಟರ್, ಅಂದ್ರೆ ಹಳೇ ಬಾಗಿಲಿನ ಹಲಗೆ ರೆಡಿ. ಅರ್ಧ ಮಿಲಿಮೀಟರಿನ ರವೆ ಕಾಳು ಆರು ಮಿಲಿಮೀಟರ್ ಆಗುತ್ತೆ, ಸರಿಯಾಗಿ ಅಕ್ಕಿ. ಸಾಸಿವೆಗೆ ತಿಳಿಹಸಿರು ಹೊಡೆದ್ರೆ ಮೊರದ ತುಂಬ ನೆಲ್ಲಿಕಾಯಿ. ಆದ್ರೆ ಹುಷಾರು, ನಾನು ರವೆನ ಹಾಗೇ ಸುರಿದಿದ್ದೆ, ಮಳೆಗಾಲದಲ್ಲಿ ಅಕ್ಕಿ ಮೂಟೆ ಒಳಗಿಂದ ಹುಳ ಬಂತು, ಆ ಸ್ಕೇಲಲ್ಲಿ ಅದು ಹೆಗ್ಗಣ. ಈಗ ಫೆವಿಕಾಲಲ್ಲಿ ಕಲ್ಸಿ ಒಣಗ್ಸಿ ಮೇಲೆ ವಾರ್ನಿಶ್ ಹೊಡೀತೀನಿ.

ತರಕಾರಿ, ಒರಳುಕಲ್ಲು ಇವಕ್ಕೆ ಏರ್ ಡ್ರೈ ಕ್ಲೇ (ಸುಡದೆ ಗಾಳಿಗೇ ಒಣಗೋ ಜೇಡಿ) ಆಗುತ್ತೆ. ದುಡ್ಡು ಉಳಿಸ್ಬೇಕಂದ್ರೆ ಫೆವಿಕಾಲ್ ಮತ್ತು ಕಾರ್ನ್‌ಫ್ಲೋರ್ ಸಮ ಸಮ, ಎರಡು ಹನಿ ಎಣ್ಣೆ, ಸ್ವಲ್ಪ ವಿನೆಗರ್ ಹಾಕಿ ಸಣ್ಣ ಉರೀಲಿ ತಳ ಬಿಡೋವರೆಗೂ ಕೆದಕಿ, ಆಮೇಲೆ ಚಪಾತಿ ಹಿಟ್ಟಿನ ಹಾಗೆ ನಾದಿ. ಕೋಲ್ಡ್ ಪೋರ್ಸಲಿನ್ ಅಂತಾರೆ ಇದಕ್ಕೆ. ಆ ಬಾಣಲೇಲಿ ಮತ್ತೆ ಅಡುಗೆ ಮಾಡ್ಬೇಡಿ. ಒಣಗಿದ್ಮೇಲೆ ಕುಗ್ಗುತ್ತೆ, ಹಾಗಾಗಿ ಬದನೆಕಾಯಿ ಒಂದು ಸುತ್ತು ದಪ್ಪಕ್ಕೇ ಮಾಡಿ. ಒರಳಿಗೆ ಬೂದು ಬಣ್ಣ ಹೊಡೆದು, ಹಳೇ ಹಲ್ಲುಜ್ಜೋ ಬ್ರಶ್ಶಲ್ಲಿ ಕಪ್ಪು ಬಿಳುಪು ಚಿಮುಕಿಸಿದ್ರೆ ಕಲ್ಲೇ.

ಅಂಟಿನ ವಿಷ್ಯ. ಫೆವಿಕಾಲ್ ಬಳಿದ ಕಾಗದ ರಟ್ಟನ್ನ ಎಳ್ಕೊಂಡು ಬೆಂಡ್ ಮಾಡುತ್ತೆ, ತೆಳ್ಳಗೆ ಹಚ್ಚಿ, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯೆಲ್ಲ ಬಿಡಿ. ಸೂಪರ್ ಗ್ಲೂ ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್ ಹತ್ರ ತರ್ಲೇಬೇಡಿ, ಅದರ ಹಬೆಗೆ ಸುತ್ತ ಬೆಳ್ಳಗೆ ಮಂಜು ಕಟ್ಟುತ್ತೆ. ನಾನು ಮಾಡಿನ ಗಾಜಿನ ಹಂಚನ್ನ ಹಾಗೇ ಅಂಟಿಸಿ ಕೆಡಿಸ್ಕೊಂಡೆ, ಕಿತ್ತಾಕೋಣ ಅಂತಿದ್ದೆ, ಆಮೇಲೆ ನೆನಪಾಯ್ತು, ಅಜ್ಜಿ ಮನೆ ಗಾಜಿನ ಹಂಚು ಹೊಗೆ ಹಿಡಿದು ಹೀಗೇ ಇತ್ತಲ್ಲ ಅಂತ, ಬಿಟ್ಬಿಟ್ಟೆ. ಅದರ ಮೇಲೆ ಒಂದು ಬೆಚ್ಚನೆ ಬಣ್ಣದ ಪುಟ್ಟ ಎಲ್‌ಇಡಿ ಇಟ್ಟಿದೀನಿ, ಬೆಳಕು ಕೋಲಿನ ಹಾಗೆ ನೇರ ಒಲೆ ಮುಂದೆ ಬೀಳುತ್ತೆ. ಬ್ಯಾಟರಿ ಸೀರಿಯಲ್ ಸೆಟ್ ಇದ್ರೆ ಸಾಕು, ಆದ್ರೆ ವೈರನ್ನ ಗೋಡೆ ಅಂಟಿಸೋ ಮುಂಚೆ ಎಳ್ಕೊಳ್ಳಿ, ಆಮೇಲೆ ಕೈ ಹೋಗಲ್ಲ.

ಕಿಟ್ ತಗೊಳ್ಳೋದಾ ಅಂದ್ರಿ. ತಗೊಂಡ್ರೆ ತಪ್ಪೇನಿಲ್ಲ, ಸಣ್ಣ ಸಣ್ಣ ತುಂಡು ಹಿಡಿಯೋಕೆ ಕೈ ಪಳಗುತ್ತೆ. ಆದ್ರೆ ಆನ್‌ಲೈನಲ್ಲಿ ಸಿಗೋ ಕಿಟ್ ಸುಮಾರು 1:24 ಸ್ಕೇಲು, ನಿಮ್ಮ 1:12 ಕೋಣೆಗೆ ಅದರ ಕುರ್ಚಿ ಎತ್ತಿಟ್ರೆ ಮಗುವಿನ ಕುರ್ಚಿ ಆಗುತ್ತೆ. ಮತ್ತೆ ಎಲ್ಲಾ ಕಿಟ್ಟಲ್ಲೂ ಅದೇ ಕೆಫೆ, ಅದೇ ಲೈಬ್ರರಿ. ನೀವು ಕೂತು ಎದ್ದ ಕೋಣೆ ಅಲ್ಲಿ ಇರಲ್ಲ. ನಾನಾದ್ರೆ ಆ ದುಡ್ಡಲ್ಲಿ ಒಳ್ಳೇ ಮ್ಯಾಟು, ಹತ್ತು ಬ್ಲೇಡು ತಗೋತಿದ್ದೆ.

ಮೊದಲು ಏನು ಮಾಡ್ಲಿ ಅಂದ್ರೆ ಚೊಂಬು ಮಾಡಿ, ಒಂದು ಸಂಜೆ ಸಾಕು. ಗೆಜ್ಜೆಯ ಒಂದು ಸೆಂಟಿಮೀಟರಿನ ಹಿತ್ತಾಳೆ ಕಾಳು ತಗೊಂಡು, ಮೇಲಿನ ಕೊಂಡೀನ ಕಟಿಂಗ್ ಪ್ಲೇಯರಲ್ಲಿ ಕತ್ತರ್ಸಿ, ಆ ಜಾಗದಲ್ಲಿ ತಂತಿ ಸುತ್ತಿದ ಸಣ್ಣ ಉಂಗುರ ಅಂಟಿಸಿ, ಕೆಳಗಿನ ಸೀಳನ್ನ ನೆಲದ ಕಡೆ ಕೂರಿಸಿ. ಗೆಜ್ಜೆ ತರೋಕೆ ಹೋಗುವಾಗ ಸ್ಕೇಲ್ ಪಟ್ಟಿ ತಗೊಂಡೇ ಹೋಗಿ. ಅಂಗಡಿಯವ್ರು ಡ್ಯಾನ್ಸಿಗಾ ಕರುವಿಗಾ ಅಂತ ಕೇಳ್ತಾರೆ. ಚೊಂಬಿಗೆ ಅಂತ ನಾನು ನಿಜ ಹೇಳ್ದೆ, ಪಾಪ ಆ ಮನುಷ್ಯ ಚಿಲ್ಲರೆ ಎಣಿಸೋದನ್ನೇ ಮರ್ತುಬಿಟ್ರು.