ಫಾಸಿಲ್‌ನಂಥ ವಾಚ್ ಕಂಪನಿ ಇಂಗಾಲ ಇಳಿಸುತ್ತೇವೆ ಅಂದರೆ ಎಷ್ಟು ನಂಬಬಹುದು?

ಫಾಸಿಲ್ ವಾಚ್ ಕೊಳ್ಳುವ ಮುಂಚೆ ಈ ಪ್ರಶ್ನೆ ಕೇಳಿದ್ದೀರಿ, ಖುಷಿಯಾಯಿತು. ನನ್ನ ಉತ್ತರ ಇಷ್ಟು: ಶೇಕಡಾ ಎಷ್ಟು ಇಳಿಯಿತು ಅನ್ನುವುದಕ್ಕಿಂತ ಯಾಕೆ ಇಳಿಯಿತು ಅನ್ನುವುದನ್ನು ನೋಡಿ.

ಫಾಸಿಲ್ 1984ರಲ್ಲಿ ಶುರುವಾದ ಕಂಪನಿ, ಅಮೆರಿಕದ ಟೆಕ್ಸಾಸಿನದು. ಮೈಕೆಲ್ ಕೋರ್ಸ್, ಎಂಪೋರಿಯೊ ಅರ್ಮಾನಿ, ಡೀಸೆಲ್ ಹೆಸರಿನ ವಾಚುಗಳನ್ನೂ ಲೈಸೆನ್ಸ್ ಪಡೆದು ಅದೇ ಮಾಡಿಸುತ್ತದೆ. 2014ರಲ್ಲಿ ಅದರ ಮಾರಾಟ ಸುಮಾರು 350 ಕೋಟಿ ಡಾಲರ್ ಇತ್ತು, 2023ಕ್ಕೆ 141 ಕೋಟಿಗೆ ಬಂತು. ಗಿರಾಕಿಗಳು ಸ್ಮಾರ್ಟ್‌ವಾಚಿನತ್ತ ಹೊರಳಿದರು. ತಾನೂ ಸ್ಮಾರ್ಟ್‌ವಾಚಿಗೆ ಕೈಹಾಕಿ 2024ರ ಜನವರಿಯಲ್ಲಿ ಬಿಟ್ಟುಬಿಟ್ಟಿತು. ವ್ಯಾಪಾರ ಶೇ 60ರಷ್ಟು ಬಿದ್ದ ಮೇಲೆ ಉಕ್ಕು, ಚರ್ಮ, ಸಾಗಣೆ ಎಲ್ಲವೂ ಕಡಿಮೆಯಾಗಲೇಬೇಕು, ಜೊತೆಗೆ ಇಂಗಾಲವೂ. ಕಂಪನಿಗಳ ಹವಾಮಾನ ಗುರಿಗಳನ್ನು ಪರಿಶೀಲಿಸುವ ಎಸ್‌ಬಿಟಿಐ ಸಂಸ್ಥೆಯ ಪ್ರಕಾರ, ತಾಪಮಾನ ಏರಿಕೆ 1.5 ಡಿಗ್ರಿ ದಾಟಬಾರದೆಂದರೆ ನೇರ ಹೊರಸೂಸುವಿಕೆ ಮತ್ತು ಕರೆಂಟಿನದ್ದು 2020ರಿಂದ 2030ರೊಳಗೆ ಶೇ 42ರಷ್ಟು ಇಳಿಯಬೇಕು. ಹೀಗೆ ಕುಗ್ಗುವ ಯಾವ ಕಂಪನಿಯಾದರೂ ಒಂದು ಬೋಲ್ಟೂ ಬದಲಿಸದೆ ಅಂಥ ಗುರಿ ಮುಟ್ಟಿಬಿಡಬಹುದು. ಅದಕ್ಕೇ ಒಂದೊಂದು ವಾಚಿಗೆ ಎಷ್ಟು ಅನ್ನುವ ಲೆಕ್ಕ ಬೇಕು.

ನಾನು ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಇದೇ ಲೆಕ್ಕ ಕೂಡಿಸುವವಳು. ಕಂಪನಿಯ ಹೊಗೆಯನ್ನು ಸ್ಕೋಪ್ ಅನ್ನುವ ಮೂರು ಭಾಗ ಮಾಡುತ್ತಾರೆ. ಸ್ಕೋಪ್ 1 ಅಂದರೆ ನಾವೇ ಉರಿಸುವ ಇಂಧನ, ಅಂದರೆ ನಮ್ಮ ಜನರೇಟರಿನ ಡೀಸೆಲ್ ಪುಸ್ತಕ. ಸ್ಕೋಪ್ 2 ಅಂದರೆ ಕೊಂಡ ಕರೆಂಟು, ಬೆಸ್ಕಾಂ ಬಿಲ್ಲು. ಎರಡೂ ಅರ್ಧ ದಿನದ ಕೆಲಸ. ಸ್ಕೋಪ್ 3 ಮಾತ್ರ ತಿಂಗಳುಗಟ್ಟಲೆ ಎಳೆಯುತ್ತದೆ, ಯಾಕೆಂದರೆ ಅದು ನಮಗೆ ಮಾಲು ಕೊಡುವ, ಸಾಗಿಸುವ ಬೇರೆಯವರ ಹೊಗೆ. ಉಕ್ಕು ಕೊಡುವವರಿಗೆ ಮೂರು ಸಲ ಮೇಲ್ ಹಾಕಿದರೂ ಉತ್ತರ ಬರುವುದಿಲ್ಲ. ಆಗ ಖರೀದಿಯ ರೂಪಾಯಿಯನ್ನೇ ಒಂದು ಸರಾಸರಿ ಅಂಕಿಯಿಂದ ಗುಣಿಸಿ ಬರೆಯುತ್ತೇವೆ. ನಿಯಮದಲ್ಲಿ ಇದಕ್ಕೆ ಅವಕಾಶವಿದೆ. ಆದರೆ ಹೋದ ವರ್ಷ ನಾವು ಸ್ವಲ್ಪ ದುಬಾರಿಯಾದರೂ ಮರುಬಳಕೆಯ ಉಕ್ಕು ತಂದಾಗ, ಕೊಟ್ಟ ರೂಪಾಯಿ ಹೆಚ್ಚಾದ್ದರಿಂದ ಹಾಳೆಯ ಮೇಲೆ ನಮ್ಮ ಇಂಗಾಲ ಏರಿತು! ಒಳ್ಳೆಯ ಕೆಲಸ ಮಾಡಿದ್ದಕ್ಕೆ ಕೆಟ್ಟ ಅಂಕಿ. ಅವತ್ತು ನಿಜಕ್ಕೂ ಬೇಜಾರಾಯಿತು.

ವಾಚ್ ಕಂಪನಿಗೆ ಈ ಸ್ಕೋಪ್ 3ರಲ್ಲೇ ಬಹುಪಾಲು ಇರುತ್ತದೆ. ಫಾಸಿಲ್ ವಾಚುಗಳು ಹೆಚ್ಚಾಗಿ ತಯಾರಾಗುವುದು ಏಷ್ಯಾದಲ್ಲಿ. ನನ್ನ ಹಳೆಯ ಕ್ವಾರ್ಟ್ಜ್ ವಾಚಿನ ಹಿಂಬದಿ ಮುಚ್ಚಳ ಬಿಚ್ಚಿದರೆ ಒಳಗಿರುವುದು 626 ಅನ್ನುವ ಪುಟ್ಟ ಗುಂಡಿ ಸೆಲ್, ಎರಡು ಮೂರು ವರ್ಷ ಓಡುತ್ತದೆ. ಓಡುವಾಗ ಹೊಗೆ ಇಲ್ಲವೆಂದೇ ಹೇಳಬಹುದು. ಹೊಗೆಯೆಲ್ಲ ಕೇಸು, ಚೈನು, ಚರ್ಮದ ಪಟ್ಟಿ ಮಾಡುವಾಗಲೇ ಮುಗಿದಿರುತ್ತದೆ. ಸೀಸನ್ ತಪ್ಪಬಾರದೆಂದು ಹಡಗು ಬಿಟ್ಟು ವಿಮಾನದಲ್ಲಿ ತರಿಸಿದರೆ ಸಾಗಣೆಯ ಪಾಲು ಹತ್ತಾರು ಪಟ್ಟು ಏರುತ್ತದೆ.

ಹಾಗಾಗಿ ಕಂಪನಿಯ ಪರಿಸರ ವರದಿ ತೆರೆದಾಗ ನೇರವಾಗಿ ಸ್ಕೋಪ್ 3ರ ಕೋಷ್ಟಕಕ್ಕೆ ಹೋಗಿ. ಅದಿಲ್ಲದಿದ್ದರೆ ಆಫೀಸಿನ ಎಲ್ಇಡಿ ಬಲ್ಬಿನ ಫೋಟೊಗಳಿಗೆ ಬೆಲೆ ಕೊಡಬೇಡಿ. ಇದ್ದರೆ ಯಾವ ವರ್ಷಕ್ಕೆ ಹೋಲಿಸಿದ್ದಾರೆ, ಸಪ್ಲೈಯರ್ ಕೊಟ್ಟ ಅಂಕಿಯೋ ರೂಪಾಯಿಯ ಗುಣಾಕಾರವೋ ನೋಡಿ. ಟೈಟನ್ ಜೊತೆ ಹೋಲಿಸಬೇಕೆಂದರೆ ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿರುವ ಬಿಆರ್‌ಎಸ್‌ಆರ್, ಅಂದರೆ ಕಂಪನಿಯ ಪರಿಸರ-ಸಾಮಾಜಿಕ ಹೊಣೆಯ ವರದಿ ಸಿಗುತ್ತದೆ. 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳು ಅದನ್ನು ಕೊಡಲೇಬೇಕು. ಅನುಮಾನ ಉಳಿದರೆ "ಈ ಮಾಡೆಲ್ಲಿನ ಒಂದು ವಾಚಿಗೆ ಎಷ್ಟು ಕೆಜಿ ಇಂಗಾಲ?" ಎಂದು ಕಂಪನಿಗೇ ಒಂದು ಮೇಲ್ ಹಾಕಿ. ಅಂಥ ಮೇಲ್ ಬಂದಾಗ ಉತ್ತರ ಹುಡುಕಲು ಕೂರುವವರು ನನ್ನಂಥವರೇ, ನಮಗೂ ಮೇಲಿನವರ ಹತ್ತಿರ ಕೇಳಲು ಒಂದು ಕಾರಣ ಸಿಗುತ್ತದೆ.