ಪಾದಗಳ ಜೋಮಿಗೆ ಫಿಸಿಯೋಥೆರಪಿ

ತಾಯಿಗೆ 12 ವರ್ಷಗಳಿಂದ ಸಕ್ಕರೆ ಕಾಯಿಲೆ, ಎರಡೂ ಪಾದಗಳಲ್ಲಿ ಜೋಮು, ರಾತ್ರಿ ಉರಿ. ಫಿಸಿಯೋಥೆರಪಿಯಿಂದ ಗುಣವಾಗುತ್ತದೆಯೇ ಎಂದು ಕೇಳಿದ್ದೀರಿ. ಹೋದ ಸ್ಪರ್ಶಜ್ಞಾನವನ್ನು ವ್ಯಾಯಾಮ ಪೂರ್ತಿಯಾಗಿ ಮರಳಿಸುವುದಿಲ್ಲ. ಆದರೆ ಕಾಲಿಗೆ ಬಲ ಬರುತ್ತದೆ, ಬೀಳುವ ಭಯ ತಗ್ಗುತ್ತದೆ. ನನ್ನ ತಂದೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕೈಯೂರದೆ ಕುರ್ಚಿಯಿಂದ ಏಳುವುದು, ಒಂಟಿ ಕಾಲಿನಲ್ಲಿ 10 ಸೆಕೆಂಡು ನಿಲ್ಲುವುದು. ಇಷ್ಟೇ, ಆದರೆ ದಿನವೂ, ಪಕ್ಕದಲ್ಲಿ ಒಬ್ಬರಿರಲಿ.

ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ನುಂಗಿದ್ದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ; ಅದರ ಕೊರತೆಯೂ ಇದೇ ಜೋಮನ್ನು ತರುತ್ತದೆ. ದಯವಿಟ್ಟು ಬಿಸಿನೀರಿನಲ್ಲಿ ಕಾಲು ಅದ್ದಿಸಬೇಡಿ, ಸುಟ್ಟರೂ ಅವರಿಗೆ ತಿಳಿಯದೇ ಹೋಗಬಹುದು. ಮನೆಯೊಳಗೂ ಚಪ್ಪಲಿ ಇರಲಿ. ಮಲಗುವ ಮುನ್ನ ಅವರ ಅಂಗಾಲಿನಲ್ಲಿ ಗಾಯವಿದೆಯೇ ಎಂದು ನೀವೇ ನೋಡಿ. ಒಂದೇ ಬದಿಯ ಕೈಕಾಲು ಥಟ್ಟನೆ ಮರಗಟ್ಟಿದರೆ ಅದು ಪಾರ್ಶ್ವವಾಯು ಇರಬಹುದು, ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.