ಕಾಪಿ ಪುಸ್ತಕ ತುಂಬಿದೆ, ಬರವಣಿಗೆ ಎಲ್ಲಿ?

ಪ್ರಶ್ನೆ: ಮಗ ಒಂದನೇ ಕ್ಲಾಸು. ವರ್ಣಮಾಲೆ ನೋಡದೇ ಬರೆಯುತ್ತಾನೆ. ಕಾಪಿ ಮುತ್ತಿನಂತಿದೆ. ಆದರೆ 'ನಿನ್ನೆ ಏನು ಮಾಡಿದೆ, ಬರಿ' ಅಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾನೆ. ದಿನಕ್ಕೆ ಎರಡು ಪುಟ ಕಾಪಿ ಸಾಲದೇ?

ಉತ್ತರ: ಜಾಸ್ತಿಯಾಗಿದೆ. ದಸರಾ ರಜೆಯ ಹೊತ್ತಿಗೆ ಪ್ರತಿ ವರ್ಷ ಈ ಪ್ರಶ್ನೆ ಬಂದೇ ಬರುತ್ತದೆ. 'ಮನೆ' ಅಂತ ಹತ್ತು ಸಲ ಬರೆಯಲು ಹೇಳಿ, ಪಕ್ಕದಲ್ಲಿ ಕೂತು ನೋಡಿ. ಮೊದಲು ಮೇಲಿಂದ ಕೆಳಗೆ ಹತ್ತು 'ಮ' ಇಳಿಸುತ್ತಾನೆ, ಆಮೇಲೆ ಹತ್ತು 'ನೆ'. ಅಲ್ಲಿ ಮನೆಯೇ ಇಲ್ಲ! ಅದು ಬರವಣಿಗೆಯಲ್ಲ, ಚಿತ್ರ ಬಿಡಿಸುವುದು.

ವರ್ಣಮಾಲೆಯ ಕಥೆಯೂ ಅಷ್ಟೇ. ಅ ಆ ಇ ಈ ಕಲಿತ ಮಗು ಏನು ಬರೆಯಬೇಕು? ಆರು ವರ್ಷದವನಿಗೆ 'ಙ' ತಿದ್ದಿಸುತ್ತೀರಲ್ಲ, ನೀವು ಕೊನೆಯ ಸಲ ಅದನ್ನು ಬರೆದದ್ದು ಯಾವಾಗ? ಸರ್ಕಾರಿ ಶಾಲೆಯ ನಲಿ-ಕಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿ, 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಅದರಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಎಲ್ಲ ಬರೆಯಬಹುದು. ಕಾನ್ವೆಂಟಿನ ಪೋಷಕರು ನಗುತ್ತಾರೆ. ನಗಲಿ.

ಈಗ ಅವನು ಹೇಳಲಿ, ನೀವು ಬರೆಯಿರಿ. 'ಅಜ್ಜಿ ದೋಸೆ ಸೀಸಿಬಿಟ್ಟಳು' ಅಂದರೆ ಅದನ್ನೇ ಬರೆಯಿರಿ, ಅಜ್ಜಿಗೆ ಮರ್ಯಾದೆ ಆಮೇಲೆ ಕೊಡಿಸುವಿರಂತೆ. ಬೆರಳಿಟ್ಟು ಓದಲಿ. ನಾಲ್ಕು ದಿನ ಬಿಟ್ಟು ಒಂದು ಪದ ಅವನಿಗೇ ಬಿಡಿ. 'ಅಕ್ಕಿ' ಬದಲು 'ಅಕಿ' ಬರೆದನೇ? ಖುಷಿಪಡಿ. ಒತ್ತು ತಪ್ಪಿದೆ ನಿಜ, ಆದರೆ ಸದ್ದು ಕೇಳಿಸಿಕೊಂಡು ತಾನೇ ಅಕ್ಷರ ಹುಡುಕಿದ್ದಾನೆ. ಕಾಪಿಯಲ್ಲಿ ಈ ಕೆಲಸವೇ ಇಲ್ಲ.

ಕೆಂಪು ಪೆನ್ನು ಮಾತ್ರ ಒಳಗಿಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದಕ್ಷರ ಬಿಡದೆ ತಿದ್ದುತ್ತಿದ್ದೆ. ಒಬ್ಬ ಹುಡುಗಿ ವರ್ಷವಿಡೀ 'ಇದು ಮರ', 'ಇದು ಸರ' ಅಂತಲೇ ಬರೆದಳು. ಒಂದೂ ತಪ್ಪಿಲ್ಲ. ಮನೆಯಲ್ಲಿ ಹಸು ಕರು ಹಾಕಿದ ದಿನವೂ 'ಇದು ಮರ'. ಆ ಪುಸ್ತಕ ಇನ್ನೂ ನನ್ನ ಬಳಿ ಇದೆ.

ಪ್ರಶ್ನೆ: ಮಗಳು ಎಡಗೈಯಲ್ಲಿ ಬರೆಯುತ್ತಾಳೆ. ಬದಲಿಸಬೇಕಾ?

ಉತ್ತರ: ಬೇಡ. ಬೆಂಚಿನ ಎಡತುದಿಯಲ್ಲಿ ಕೂರಿಸಿ, ಸಾಕು.

ಪ್ರಶ್ನೆ: 'ಮಿಡ್‌ಬ್ರೈನ್' ಕ್ಲಾಸಿಗೆ, ಅದೇ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತಾರಲ್ಲ, ಅದಕ್ಕೆ ಸೇರಿಸಿದರೆ ಬರವಣಿಗೆ ಸುಧಾರಿಸುತ್ತಾ?

ಉತ್ತರ: ಕಣ್ಣಿಗೆ ಕಟ್ಟಿದ ಬಟ್ಟೆಯ ಕೆಳಗೆ, ಮೂಗಿನ ಪಕ್ಕದ ಸಂದಿಯಲ್ಲಿ ಇಣುಕುವುದು ಚೆನ್ನಾಗಿ ಕಲಿಯುತ್ತದೆ. ಕಣ್ಣಾಮುಚ್ಚಾಲೆಯಲ್ಲಿ ಅದು ಪುಕ್ಕಟೆ.

ಪ್ರಶ್ನೆ: ಮೂರೂವರೆ ವರ್ಷದ ಮಗುವಿಗೆ ಯಾವ ಪೆನ್ಸಿಲ್ ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಅವರೆಕಾಯಿ ಸುಲಿಯಲು ಕೂರಿಸಿ, ಮೊದಲು ಬೆರಳು ಪಳಗಲಿ.